ಕೋಟೆಯೊಳಗಿನ ಚಿತ್ರಪುಸ್ತಕ

ಮಕ್ಕಳ ಪುಸ್ತಕವೆಂದರೆ ನಮಗೆ ಒಡನೆ ನೆನಪಾಗುವುದು ಆನೆ, ಅಳಿಲು, ನಗುವ ಸೂರ್ಯ, ಮರದಿಂದ ಮರಕ್ಕೆ ಹಾರುವ ಕೋತಿ. ಅಳುವ ಮುಖವೊಂದು ಅದರಲ್ಲಿ ಕಂಡಿತೋ, ಹಿರಿಯರು ಹುಬ್ಬು ಗಂಟಿಕ್ಕುತ್ತಾರೆ. 'ಎಳೆಯ ಮನಸ್ಸಿಗೆ ಇದೆಲ್ಲ ಏತಕ್ಕೆ?' ಎನ್ನುತ್ತಾರೆ. ಅದೇ ಮನೆಯ ಹಜಾರದಲ್ಲಿ ಅಜ್ಜಿ ಮೊಮ್ಮಕ್ಕಳನ್ನು ಕೂರಿಸಿಕೊಂಡು ಹರಿಶ್ಚಂದ್ರನ ಕಥೆ ಹೇಳುವಾಗ, ಲೋಹಿತಾಶ್ವನಿಗೆ ಹಾವು ಕಚ್ಚುವ ಭಾಗವನ್ನು ಬಿಟ್ಟು ಹೇಳುವುದಿಲ್ಲ. ಕೇಳುವ ಕೂಸೂ ಕಣ್ಣೊರೆಸಿಕೊಂಡು, ಮರುದಿನ ಅದೇ ಭಾಗವನ್ನು ಮತ್ತೆ ಹೇಳೆಂದು ಕಾಡುತ್ತದೆ. ಶೋಕದಿಂದಲೇ ಶ್ಲೋಕ ಹುಟ್ಟಿತೆಂದು ಕ್ರೌಂಚಪಕ್ಷಿಗಳ ಪ್ರಸಂಗವನ್ನು ಬಲ್ಲ ನಾಡು ನಮ್ಮದು. ಕಿವಿಗೆ ಸಂದದ್ದು ಕಣ್ಣಿಗೆ ಏಕೆ ಸಲ್ಲಬಾರದು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು, ವಾಚಕರೇ, ದೂರದ ಯೂರೋಪಿನ ಮೂರು ಪುಸ್ತಕಗಳ ವಿಷಯವನ್ನು ನಿಮಗೆ ಹೇಳಬೇಕೆಂದಿದ್ದೇನೆ. ಮೊದಲಿನ ಎರಡನ್ನು ಬೇಗ ಮುಗಿಸುತ್ತೇನೆ. ಮೂರನೆಯದರ ಬಳಿ ಕೊಂಚ ಹೊತ್ತು ಕುಳಿತುಕೊಳ್ಳೋಣ.

ಮೊದಲನೆಯದನ್ನು ಬರೆದವನು ನನ್ನ ಕಸುಬಿನವನೇ, ಉಪಾಧ್ಯಾಯ. ಹೆಸರು ಕೊಮೇನಿಯಸ್. 1592ರಲ್ಲಿ, ಇಂದು ಚೆಕ್ ದೇಶಕ್ಕೆ ಸೇರಿರುವ ಮೊರಾವಿಯಾದಲ್ಲಿ ಹುಟ್ಟಿದವನು. ಮೂವತ್ತು ವರ್ಷಗಳ ಯುದ್ಧದ ಕಾಲ. ಮತಕಲಹದಲ್ಲಿ ಮನೆ ಬಿಟ್ಟು ಅಡಗಿ ತಿರುಗುತ್ತಿದ್ದಾಗ 1622ರಲ್ಲಿ ಪ್ಲೇಗು ಅವನ ಹೆಂಡತಿಯನ್ನೂ ಇಬ್ಬರು ಮಕ್ಕಳನ್ನೂ ಕೊಂಡೊಯ್ದಿತು. 1628ರಲ್ಲಿ ದೇಶವನ್ನೇ ಬಿಟ್ಟ. ಮತ್ತೆ ಹುಟ್ಟೂರಿನಲ್ಲಿ ನೆಲಸುವ ಭಾಗ್ಯ ಒದಗಲಿಲ್ಲ. ಪೋಲೆಂಡಿನ ಲೆಷ್ನೋ ಪಟ್ಟಣ ಅವನಿಗೆ ಆಸರೆಯಾಗಿತ್ತು. 1656ರಲ್ಲಿ ಅದಕ್ಕೂ ಬೆಂಕಿ ಬಿದ್ದು ಅವನ ಪುಸ್ತಕ ಭಂಡಾರವೂ ಕೈಬರಹಗಳೂ ಸುಟ್ಟುಹೋದುವು. ಇಷ್ಟನ್ನು ಕಂಡವನು 1658ರಲ್ಲಿ ನ್ಯೂರೆಂಬರ್ಗಿನಲ್ಲಿ 'ಆರ್ಬಿಸ್ ಪಿಕ್ಟಸ್', ಎಂದರೆ 'ಚಿತ್ರಗಳಲ್ಲಿ ಲೋಕ' ಎಂಬ ಪಾಠಪುಸ್ತಕವನ್ನು ಅಚ್ಚು ಮಾಡಿಸಿದ. ಮಕ್ಕಳಿಗಾಗಿಯೇ ಚಿತ್ರಸಹಿತ ಅಚ್ಚಾದ ಪುಸ್ತಕಗಳಲ್ಲಿ ಇದನ್ನೇ ಮೊದಲಿನದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಸುಮಾರು 150 ಪಾಠಗಳು, ಪಾಠಕ್ಕೊಂದು ಚಿತ್ರ. ಆಕಾಶ, ಬೆಂಕಿ, ಹಕ್ಕಿ, ಬಡಗಿಯ ಕೆಲಸ, ರೊಟ್ಟಿ ಸುಡುವುದು, ಎಲ್ಲವೂ ಉಂಟು. ಅವುಗಳ ನಡುವೆ ಯುದ್ಧದ ಪಾಠ ಉಂಟು, ಕೋಟೆಗೆ ಮುತ್ತಿಗೆ ಹಾಕುವುದು ಉಂಟು, ಅಪರಾಧಿಗಳ ಶಿಕ್ಷೆ ಉಂಟು, ಹೆಣ ಹೂಳುವುದೂ ಉಂಟು. ಲೋಕವನ್ನು ತೋರಿಸುತ್ತೇನೆಂದು ಹೊರಟ ಆ ಮುದುಕ ಲೋಕದ ಅರ್ಧವನ್ನು ಮುಚ್ಚಿಡಲಿಲ್ಲ. ಆದರೆ ತನ್ನ ದುಃಖವನ್ನು ಅದರೊಳಗೆ ತುರುಕಲೂ ಇಲ್ಲ. ಸಾವಿನ ಪಾಠ ರೊಟ್ಟಿಯ ಪಾಠದಷ್ಟೇ ಶಾಂತವಾಗಿದೆ. ಇದು ಮೇಷ್ಟರ ಗುಣ. ನನಗೆ ಹಿಡಿಸಿದ ಗುಣ.

ಎರಡನೆಯದು ಒಬ್ಬ ವೈದ್ಯನದು. 1844ರ ಕ್ರಿಸ್ಮಸ್ ಹಬ್ಬಕ್ಕೆ ಜರ್ಮನಿಯ ಫ್ರಾಂಕ್‌ಫರ್ಟಿನ ಡಾಕ್ಟರ್ ಹೈನ್ರಿಖ್ ಹಾಫ್ಮನ್ ತನ್ನ ಮೂರು ವರ್ಷದ ಮಗನಿಗೆ ಒಳ್ಳೆಯ ಚಿತ್ರಪುಸ್ತಕವೊಂದನ್ನು ಕೊಳ್ಳಲು ಅಂಗಡಿ ಅಂಗಡಿ ತಿರುಗಿ, ಮನಸ್ಸಿಗೆ ಬಾರದೆ, ಖಾಲಿ ಪುಸ್ತಕವನ್ನು ತಂದು ತಾನೇ ಚಿತ್ರ ಬರೆದ, ಪದ್ಯ ಕಟ್ಟಿದ. ಮರುವರ್ಷ ಅದು ಅಚ್ಚಾಯಿತು. ಕೆದರುಗೂದಲಿನ ಪೀಟರ್ ಎಂಬ ಹುಡುಗನ ಹೆಸರಿನಲ್ಲಿ ಲೋಕಪ್ರಸಿದ್ಧವಾಯಿತು. ಅದರಲ್ಲಿಯೂ ಶೋಕಕ್ಕೆ ಕೊರತೆಯಿಲ್ಲ. ಬೆಂಕಿಕಡ್ಡಿಯೊಡನೆ ಆಡಿದ ಹುಡುಗಿ ಸುಟ್ಟು ಬೂದಿಯಾಗುತ್ತಾಳೆ. ಪಕ್ಕದಲ್ಲಿ ಎರಡು ಬೆಕ್ಕುಗಳು ಕಣ್ಣೀರು ಸುರಿಸುತ್ತವೆ. ಸಾರು ಒಲ್ಲೆನೆಂದ ಹುಡುಗ ಐದನೆಯ ದಿನ ಸಾಯುತ್ತಾನೆ. ಮಕ್ಕಳು ಇದನ್ನು ಓದಿ ನಗುತ್ತಿದ್ದರೆಂದು ಹೇಳುವವರೂ ಉಂಟು. ಇರಬಹುದು. ನನ್ನ ಮಟ್ಟಿಗೆ ಇಲ್ಲಿ ದುಃಖವು ಬೆತ್ತದ ಕೆಲಸವನ್ನು ಮಾಡುತ್ತದೆ. ಹೇಳಿದಂತೆ ಕೇಳದಿದ್ದರೆ ಹೀಗಾಗುತ್ತದೆ ಎಂಬ ಗದರಿಕೆ. ಭಯಾನಕ ರಸಕ್ಕೂ ಕರುಣ ರಸಕ್ಕೂ ಇರುವ ಅಂತರವನ್ನು ಲಾಕ್ಷಣಿಕರು ಸುಮ್ಮನೆ ಹೇಳಲಿಲ್ಲ.

ಆ ತಂದೆ ತನ್ನ ಮೂರು ವರ್ಷದ ಮಗನಿಗೆ ಪುಸ್ತಕ ಬರೆದುಕೊಟ್ಟ ಸುಮಾರು ನೂರು ವರ್ಷಗಳಿಗೆ ಸರಿಯಾಗಿ, ಇನ್ನೊಬ್ಬ ತಂದೆ ಇನ್ನೊಬ್ಬ ಮೂರು ವರ್ಷದ ಮಗನಿಗೆ ಪುಸ್ತಕ ಬರೆದ. ಸ್ಥಳ, ಕೊಮೇನಿಯಸನ ಮೊರಾವಿಯಾದ ನೆರೆಯ ಬೊಹೀಮಿಯಾ. ಟೆರೆಜೀನ್ ಎಂಬ ಕೋಟೆ.

ಈ ಕೋಟೆಯನ್ನು 1780ರಲ್ಲಿ ಆಸ್ಟ್ರಿಯದ ದೊರೆ ಎರಡನೆಯ ಜೋಸೆಫ್ ಕಟ್ಟಿಸಲು ತೊಡಗಿದ. ತಾಯಿ ಮಾರಿಯಾ ತೆರೇಸಾಳ ಹೆಸರನ್ನು ಅದಕ್ಕಿಟ್ಟ. ಶತ್ರುಗಳು ಅದನ್ನು ಎಂದೂ ಮುತ್ತಲಿಲ್ಲ; ಸೆರೆಮನೆಯಾಗಿಯೇ ಅದು ಹೆಸರಾಯಿತು. ಮೊದಲ ಮಹಾಯುದ್ಧಕ್ಕೆ ಕಿಡಿ ಹೊತ್ತಿಸಿದ ಗಾವ್ರಿಲೋ ಪ್ರಿನ್ಸಿಪ್ 1918ರಲ್ಲಿ ಸತ್ತದ್ದು ಅಲ್ಲಿಯೇ. 1941ರ ನವೆಂಬರಿನಿಂದ ಹಿಟ್ಲರನ ನಾಜಿಗಳು ಆ ಊರನ್ನು ಯೆಹೂದ್ಯರ ಬಂದೀಖಾನೆಯಾಗಿ ಮಾಡಿದರು. ಯುದ್ಧಕ್ಕೆ ಮುಂಚೆ ಸೈನಿಕರೂ ನಾಗರಿಕರೂ ಸೇರಿ ಏಳು ಸಾವಿರ ಜನ ವಾಸವಾಗಿದ್ದ ಜಾಗದಲ್ಲಿ 1942ರ ಸೆಪ್ಟೆಂಬರಿನ ಹೊತ್ತಿಗೆ 58,000 ಜನರನ್ನು ತುಂಬಿದ್ದರು. ಒಟ್ಟು ಸುಮಾರು 1,40,000 ಮಂದಿಯನ್ನು ಅಲ್ಲಿಗೆ ತಂದರು. ಅವರಲ್ಲಿ ಸುಮಾರು 33,000 ಮಂದಿ ಹಸಿವಿನಿಂದಲೂ ರೋಗದಿಂದಲೂ ಅಲ್ಲಿಯೇ ಸತ್ತರು. 88,000ದಷ್ಟು ಮಂದಿಯನ್ನು ರೈಲಿನಲ್ಲಿ ತುಂಬಿ ಆಷ್ವಿಟ್ಸ್ ಮೊದಲಾದ ಮೃತ್ಯುಶಿಬಿರಗಳಿಗೆ ಸಾಗಿಸಿದರು. ಅಂಕಿಗಳನ್ನು ಓದುವುದು ಸುಲಭ; ನೀವು ಇರುವ ಊರಿನ ಜನಸಂಖ್ಯೆಯನ್ನು ಅವುಗಳ ಪಕ್ಕಕ್ಕಿಟ್ಟು ಒಮ್ಮೆ ನೋಡಿ.

ಅಲ್ಲಿನ ಮಕ್ಕಳಿಗೆ ಶಾಲೆ ನಿಷಿದ್ಧ. ಹಾಡಬಹುದು, ಚಿತ್ರ ಬರೆಯಬಹುದು, ಪಾಠ ಹೇಳಕೂಡದು. ಕದ್ದು ಹೇಳುತ್ತಿದ್ದವರೂ ಇದ್ದರು. ವಿಯೆನ್ನಾದಲ್ಲಿ ಹುಟ್ಟಿದ, ಪ್ರಸಿದ್ಧವಾದ ಬೌಹೌಸ್ ಕಲಾಶಾಲೆಯಲ್ಲಿ ಕಲಿತ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಎಂಬಾಕೆ 1942ರ ಡಿಸೆಂಬರಿನಲ್ಲಿ ಅಲ್ಲಿಗೆ ಬಂದಾಗ ಅನುಮತಿಸಿದ್ದ ಸಾಮಾನಿನ ತೂಕದಲ್ಲಿ ಬಣ್ಣ ಕಾಗದಗಳನ್ನೂ ತಂದಳು. ಕಚೇರಿಯ ಹಳೆಯ ಕಾಗದದ ಬೆನ್ನಿನ ಮೇಲೆ ಮಕ್ಕಳಿಂದ ಚಿತ್ರ ಬರೆಸಿದಳು. ಪ್ರತಿ ಚಿತ್ರದ ಕೆಳಗೂ ಮಗು ತನ್ನ ಹೆಸರನ್ನು ಬರೆಯಬೇಕೆಂಬುದು ಆಕೆಯ ಕಟ್ಟಳೆ. ಸಂಖ್ಯೆಗಳಾಗಿದ್ದವರಿಗೆ ಹೆಸರು ಉಳಿಯಿತು. 1944ರ ಅಕ್ಟೋಬರಿನಲ್ಲಿ ಆಕೆಯನ್ನು ಆಷ್ವಿಟ್ಸಿಗೆ ಕಳುಹಿಸಿ ಕೊಂದರು. ಹೋಗುವ ಮುನ್ನ ಎರಡು ಕೈಪೆಟ್ಟಿಗೆಗಳಲ್ಲಿ ತುಂಬಿಟ್ಟಿದ್ದ ಸುಮಾರು 4,500 ಚಿತ್ರಗಳು ಯುದ್ಧಾನಂತರ ಪ್ರಾಗ್ ನಗರಕ್ಕೆ ತಲಪಿದುವು. ಮನೆ, ಮರ, ಚಿಟ್ಟೆ, ಊಟದ ಮೇಜು, ಮೂರಂತಸ್ತಿನ ಮಂಚದ ಸಾಲು. 1959ರಲ್ಲಿ ಪ್ರಾಗಿನ ಯೆಹೂದ್ಯ ವಸ್ತುಸಂಗ್ರಹಾಲಯವು ಅವುಗಳಲ್ಲಿ ಕೆಲವನ್ನು ಪುಸ್ತಕವಾಗಿ ಪ್ರಕಟಿಸಿತು.

ಇನ್ನು ನಮ್ಮ ತಂದೆಯ ವಿಚಾರ. ಫ್ರಿಟ್ಸ್ ಟೌಸಿಗ್ ಎಂಬುದು ಆತನ ಹೆಸರು. ಎರಡರ ಮೊದಲಕ್ಷರಗಳನ್ನು ಬೆಸೆದು ಫ್ರಿಟ್ಟಾ ಎಂದು ಅಂಕಿತವಿಟ್ಟುಕೊಂಡಿದ್ದ. 1906ರಲ್ಲಿ ಹುಟ್ಟಿದವನು, ಪ್ರಾಗಿನಲ್ಲಿ ವ್ಯಂಗ್ಯಚಿತ್ರಕಾರ. 1941ರ ಡಿಸೆಂಬರಿನಲ್ಲಿ ಅವನನ್ನು ಕೋಟೆಗೆ ತಂದರು. ಹೆಂಡತಿ ಹಾನ್ಸಿಯನ್ನೂ ಕೂಸು ಟಾಮಿಯನ್ನೂ ಆಮೇಲೆ ತಂದರು. ಕೋಟೆಯ ನಕ್ಷೆ ಬರೆಯುವ ಕಚೇರಿಗೆ ಅವನನ್ನು ಮುಖ್ಯಸ್ಥನನ್ನಾಗಿ ಮಾಡಿದರು. ಲಿಯೋ ಹಾಸ್, ಓಟೋ ಉಂಗರ್, ಫರ್ಡಿನಾಂಡ್ ಬ್ಲಾಕ್ ಮೊದಲಾದ ಚಿತ್ರಕಾರರು ಅಲ್ಲಿ ಕೂಡಿದರು. ಹಗಲಿನ ಕೆಲಸ, ಅಧಿಕಾರಿಗಳ ವರದಿಗಳಿಗೆ ಅಂದವಾದ ನಕ್ಷೆ, ಅಂಕಿಪಟ್ಟಿ, ಬಣ್ಣದ ಚಿತ್ರ. ಕಾಗದವೂ ಮಸಿಯೂ ಹೀಗೆ ಕೈಗೆ ಬಂದುವು. ಮರೆಯಲ್ಲಿ ಮಾಡಿದ ಕೆಲಸ ಬೇರೆ. ಕಂಡದ್ದನ್ನು ಕಂಡಂತೆ ಬರೆದರು: ಗಾಡಿಗೆ ಹೂಡಿದ ಮನುಷ್ಯರು, ಹೆಣದ ಪೆಟ್ಟಿಗೆಗಳ ರಾಶಿ, ಅಟ್ಟದ ಮೇಲೆ ಒತ್ತೊತ್ತಾಗಿ ಬಿದ್ದ ಮುದುಕರು. ಫ್ರಿಟ್ಟಾನ ಆ ಚಿತ್ರಗಳಲ್ಲಿ ಬಣ್ಣವೇ ಇಲ್ಲ. ಕಪ್ಪು ಮಸಿಯ ಗೀರುಗಳು ಒಂದರ ಮೇಲೊಂದು ಬಿದ್ದು ಹಾಳೆಯೆಲ್ಲ ಕಗ್ಗತ್ತಲಾಗಿದೆ.

1944ರ ಜನವರಿ 22ರಂದು ಟಾಮಿಗೆ ಮೂರು ತುಂಬಿತು. ಆ ದಿನಕ್ಕೆಂದು ಅದೇ ಕೈ ಬಣ್ಣದ ಡಬ್ಬಿಯನ್ನು ತೆರೆಯಿತು. 52 ಚಿತ್ರಗಳ ಪುಸ್ತಕ. ಗೆರೆ ದುಂಡಗಿದೆ, ಮೃದುವಾಗಿದೆ, ನೀರುಬಣ್ಣ ತಿಳಿಯಾಗಿದೆ. ಒಂದು ಹಾಳೆಯಲ್ಲಿ ಗುಂಡುಗುಂಡಗಿನ ಟಾಮಿ ಕಿಟಕಿಯ ಬಳಿ ನಿಂತು ಹೊರಗೆ ನೋಡುತ್ತಾನೆ. ಕಿಟಕಿ ಎತ್ತರ, ಆದ್ದರಿಂದ ತನ್ನ ಕೈಪೆಟ್ಟಿಗೆಯ ಮೇಲೆ ನಿಂತಿದ್ದಾನೆ. ಪೆಟ್ಟಿಗೆಯ ಮೇಲೆ ಅವನ ಹೆಸರೂ ಸಾಗಾಣಿಕೆಯ ಸಂಖ್ಯೆಯೂ ಇವೆ. ಇಡೀ ಪುಸ್ತಕದಲ್ಲಿ ಬಂದೀಖಾನೆಯನ್ನು ಕುರಿತ ಮಾತು ಇದಕ್ಕಿಂತ ಹೆಚ್ಚು ಬೇಕಾಗಿಲ್ಲ. ಮುಂದೆ ಮೂರು ಮೇಣದಬತ್ತಿಗಳ ಹುಟ್ಟುಹಬ್ಬದ ಕೇಕು, ಹೂವು, ದೂರದೇಶಗಳ ಪ್ರಯಾಣ. ಆ ಕೂಸು ಕಣ್ಣಿನಿಂದ ಕಾಣದ ಲೋಕ. ದೊಡ್ಡವನಾದ ಮೇಲೆ ಏನಾಗುತ್ತೀಯೆ? ಎಂಜಿನಿಯರೋ, ಪತ್ತೇದಾರನೋ, ಚಿತ್ರಕಾರನೋ? ಒಂದೊಂದಕ್ಕೂ ಒಂದೊಂದು ಚಿತ್ರ. ವೇಷ ದೊಡ್ಡವರದು, ಮುಖ ಟಾಮಿಯದು. ಮಗನಿಗಾಗಿ ಬರೆಯಬೇಕೆಂದಿರುವ ಪುಸ್ತಕಗಳ ಸಾಲಿನಲ್ಲಿ ಇದು ಮೊದಲನೆಯದು ಎಂಬರ್ಥದ ಮಾತನ್ನೂ ತಂದೆ ಸೇರಿಸಿದ್ದಾನೆ.

ಹೀಗೆ ಬರೆಯುವುದು ಮಗುವಿಗೆ ಸುಳ್ಳು ಹೇಳಿದಂತಾಗಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಸುಳ್ಳು ಹೇಳಲು ಬಲ್ಲವರು ಆ ಕೋಟೆಯಲ್ಲಿ ಬೇರೆಯೇ ಇದ್ದರು. ಅದೇ ವರ್ಷ ಜೂನ್ 23ರಂದು ಅಂತರರಾಷ್ಟ್ರೀಯ ರೆಡ್ ಕ್ರಾಸಿನವರು ನೋಡಲು ಬರುವರೆಂದು ನಾಜಿಗಳು ಊರಿಗೆ ಸುಣ್ಣಬಣ್ಣ ಬಳಿಸಿದರು, ಹೂಗಿಡ ನೆಡಿಸಿದರು, ಮಕ್ಕಳಿಗೆ ಆಟದ ಮಂಟಪ ಕಟ್ಟಿಸಿದರು, ಜನಸಂದಣಿ ಕಾಣಬಾರದೆಂದು ಮೇ ತಿಂಗಳಲ್ಲಿ 7,503 ಮಂದಿಯನ್ನು ಆಷ್ವಿಟ್ಸಿಗೆ ಸಾಗಹಾಕಿದರು. ಬಂದವರು ನೋಡಿ ಹೋದರು. ಅಲ್ಲಿ ಬಣ್ಣವು ಕಣ್ಣಿಗೆ ಪರದೆಯಾಯಿತು. ಫ್ರಿಟ್ಟಾನ ಬಣ್ಣದ ಕೆಲಸವನ್ನು ಅದರ ಜೊತೆಗಿಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಪೆಟ್ಟಿಗೆಯನ್ನು ಅವನು ಅಳಿಸಲಿಲ್ಲ. ಅದರ ಮೇಲೆ ಮಗನನ್ನು ನಿಲ್ಲಿಸಿ ಕಿಟಕಿಯನ್ನು ತೋರಿಸಿದ.

ಚಿತ್ರಗಳಲ್ಲಿ ಕೆಲವು ಕೋಟೆಯ ಗೋಡೆಯನ್ನು ದಾಟಿ ಹೊರಕ್ಕೆ ಹೋಗಿದ್ದುವು. ಸುಳಿವು ಅಧಿಕಾರಿಗಳಿಗೆ ಹತ್ತಿತು. ಅಪಾಯವನ್ನು ಅರಿತ ಚಿತ್ರಕಾರರು ಉಳಿದದ್ದನ್ನು ನೆಲದಡಿಯಲ್ಲಿಯೂ ಗೋಡೆಯೊಳಗೂ ಅಡಗಿಸಿದರು. 1944ರ ಜುಲೈ 17ರಂದು ಅವರನ್ನು ಹಿಡಿದು ವಿಚಾರಣೆ ನಡೆಸಿದರು. ಐಖ್ಮನ್ ತಾನೇ ಅಲ್ಲಿದ್ದ. 'ಕ್ರೌರ್ಯದ ಅಪಪ್ರಚಾರ' ಎಂಬುದು ಆರೋಪ. ಹೆಂಡತಿ ಮಕ್ಕಳನ್ನೂ ಸೇರಿಸಿ ಪಕ್ಕದ ಚಿಕ್ಕಕೋಟೆಯ ಸೆರೆಗೆ ನೂಕಿದರು. ಆಗ ಟಾಮಿಗೆ ಮೂರೂವರೆ ವರ್ಷ. ಬ್ಲಾಕ್ ಅಲ್ಲಿಯೇ ಪ್ರಾಣಬಿಟ್ಟ; ಉಂಗರನ ಚಿತ್ರ ಬರೆಯುವ ಕೈಯನ್ನು ಜಜ್ಜಿದರು. ಅಕ್ಟೋಬರ್ 26ರಂದು ಫ್ರಿಟ್ಟಾ ಮತ್ತು ಹಾಸ್ ಇಬ್ಬರನ್ನೂ ಆಷ್ವಿಟ್ಸಿಗೆ ಕಳುಹಿಸಿದರು. ನವೆಂಬರಿನಲ್ಲಿ ಫ್ರಿಟ್ಟಾ ಅಲ್ಲಿ ತೀರಿಕೊಂಡ, ಮೂವತ್ತೆಂಟು ವರ್ಷ. ಹಾನ್ಸಿ 1945ರ ಫೆಬ್ರವರಿಯಲ್ಲಿ ಚಿಕ್ಕಕೋಟೆಯಲ್ಲಿ ಸತ್ತಳು. ಸಾಲಿನ ಎರಡನೆಯ ಪುಸ್ತಕವನ್ನು ಬರೆಯಲಾಗಲಿಲ್ಲ.

ಹಾಸ್ ಬದುಕಿ ಉಳಿದ. ಅವನನ್ನು ಉಳಿಸಿದ್ದೂ ಚಿತ್ರ ಬರೆಯುವ ಕೈಯೇ ಎಂಬುದು ವಿಧಿಯ ಒಂದು ವಿಚಿತ್ರ. ಸಾಕ್ಸೆನ್‌ಹೌಸನ್ ಶಿಬಿರದಲ್ಲಿ ಇಂಗ್ಲೆಂಡಿನ ಖೋಟಾ ನೋಟುಗಳನ್ನು ತಯಾರಿಸಲು ನಾಜಿಗಳು ಕೂಡಿಹಾಕಿದ್ದ ಕೆಲಸಗಾರರಲ್ಲಿ ಅವನೂ ಒಬ್ಬನಾಗಿದ್ದ. 1945ರ ಮೇ ತಿಂಗಳಲ್ಲಿ ಯುದ್ಧ ಮುಗಿಯಿತು. ಹಾಸ್ ಟೆರೆಜೀನಿಗೆ ಹಿಂದಿರುಗಿ ಅಡಗಿಸಿದ್ದ ಚಿತ್ರಗಳನ್ನು ಹೊರತೆಗೆದ. ತನ್ನವು ಸಿಕ್ಕಿದುವು, ಗೆಳೆಯನವು ಸಿಕ್ಕಿದುವು. ಟಾಮಿಯ ಪುಸ್ತಕವೂ ಸಿಕ್ಕಿತು. ಅದರ ಒಡೆಯನೂ ಬದುಕಿದ್ದ, ನಾಲ್ಕು ವರ್ಷದ ಅನಾಥ. ಹಾಸನೂ ಹೆಂಡತಿ ಎರ್ನಾಳೂ ಆ ಮಗುವನ್ನು ದತ್ತು ಪಡೆದು ಸಾಕಿದರು.

ಹಾಸ್ 1983ರಲ್ಲಿ ತೀರಿಕೊಂಡ. ಟಾಮಿಯ ಪುಸ್ತಕ 1985ರಲ್ಲಿ ಜರ್ಮನಿಯಲ್ಲಿ ಅಚ್ಚಾಗಿ ಹೊರಗಿನ ಓದುಗರ ಕೈಗೆ ಬಂದಿತು. ಬರೆದು ನಲವತ್ತೊಂದು ವರ್ಷಗಳಾಗಿದ್ದುವು. 2013ರಲ್ಲಿ ಬರ್ಲಿನಿನ ಯೆಹೂದ್ಯ ವಸ್ತುಸಂಗ್ರಹಾಲಯವು ಫ್ರಿಟ್ಟಾನ ಕೋಟೆಯ ಚಿತ್ರಗಳನ್ನು ಪ್ರದರ್ಶನಕ್ಕಿಟ್ಟಿತು. ನೂರಕ್ಕೂ ಹೆಚ್ಚು ಚಿತ್ರಗಳು ಹೀಗೆ ಉಳಿದು ಬಂದಿವೆ. ಪ್ರಾಗಿಗೆ ಹೋಗುವ ಅವಕಾಶ ನಿಮ್ಮಲ್ಲಿ ಯಾರಿಗಾದರೂ ಒದಗಿದರೆ, ಅಲ್ಲಿನ ಪಿಂಕಸ್ ಪ್ರಾರ್ಥನಾಮಂದಿರದ ಮೇಲಂತಸ್ತಿಗೆ ಹತ್ತಿ ನೋಡಿ. ಫ್ರೀಡ್ಲಳ ಕೈಪೆಟ್ಟಿಗೆಗಳಲ್ಲಿದ್ದ ಮಕ್ಕಳ ಚಿತ್ರಗಳಲ್ಲಿ ಕೆಲವನ್ನು ಅಲ್ಲಿ ತೂಗುಹಾಕಿದ್ದಾರೆ, ಬರೆದವರ ಹೆಸರಿನ ಸಮೇತ.