ಟಿಪ್ಪುವಿಗೆ ಬಂದ ಸವಿನಯದ ಪತ್ರಗಳು

ಬೆದರಿಸುವವರು ಗಟ್ಟಿ ದನಿಯಲ್ಲೇ ಬೆದರಿಸಬೇಕೆಂದೇನಿಲ್ಲ. ನಾಲ್ಕನೇ ಮೈಸೂರು ಯುದ್ಧಕ್ಕೆ ಮುಂಚಿನ ಪತ್ರಗಳನ್ನು ನೋಡಿದರೆ ಇದು ಚೆನ್ನಾಗಿ ಅರ್ಥವಾಗುತ್ತೆ.

ಫ್ರೆಂಚರ ಜೊತೆ ಟಿಪ್ಪುವಿನ ಸಂಪರ್ಕದ ಸುದ್ದಿ ಸಿಕ್ಕಿದ ಗವರ್ನರ್ ಜನರಲ್ ಮಾರ್ನಿಂಗ್ಟನ್ (ಮುಂದೆ ವೆಲ್ಲೆಸ್ಲಿ ಎಂದು ಹೆಸರಾದವನು) 1798ರ ಜೂನ್‌ನಲ್ಲೇ ಮದ್ರಾಸಿನಲ್ಲಿ ಸೈನ್ಯ ಸಜ್ಜು ಮಾಡಲು ಹೇಳಿದ್ದ. ನವೆಂಬರ್ 4ರಂದು ಟಿಪ್ಪುವಿಗೆ ಬರೆದ ಪತ್ರ ಮಾತ್ರ ಬೆಣ್ಣೆಯಂತಿದೆ! ನೈಲ್ ನದೀಮುಖದಲ್ಲಿ ಇಂಗ್ಲಿಷರು ಫ್ರೆಂಚ್ ನೌಕಾಪಡೆಯನ್ನು ಸೋಲಿಸಿದರು, ನಮ್ಮ ಸ್ನೇಹದಿಂದಾಗಿ ನಿಮಗೂ ಇದು ಸಂತೋಷ ತರುತ್ತದೆ ಎಂದು ನಂಬಿದ್ದೇನೆ ಅನ್ನೋ ಧಾಟಿ. 'ನಿನ್ನ ಗೆಳೆಯರು ಇನ್ನು ಬರೋಲ್ಲ' ಅನ್ನುವುದನ್ನು ಇದಕ್ಕಿಂತ ನಯವಾಗಿ ಹೇಳೋಕಾಗುತ್ತಾ?

ನಾಲ್ಕು ದಿನ ಬಿಟ್ಟು ಇನ್ನೊಂದು ಪತ್ರ. ಮೇಜರ್ ಡವ್ಟನ್‌ನನ್ನು ಕಳಿಸುತ್ತೇನೆ, ಮಾತಾಡಿ ಎಂದು. 1792ರ ಒಪ್ಪಂದದಲ್ಲಿ ಒತ್ತೆಯಾಗಿ ಹೋಗಿದ್ದ ಟಿಪ್ಪುವಿನ ಮಕ್ಕಳನ್ನು 1794ರಲ್ಲಿ ಹಿಂದಕ್ಕೆ ಕರೆತಂದವನು ಇದೇ ಡವ್ಟನ್. 1799ರ ಜನವರಿ 9ರ ಪತ್ರದಲ್ಲಿ ಉತ್ತರಕ್ಕೆ ಒಂದೇ ದಿನದ ಗಡುವು, ತಡವಾದರೆ ಅಪಾಯ ಎಂಬ ಮಾತು. ಅದೂ ವಿನಂತಿಯ ರೂಪದಲ್ಲೇ!

ಟಿಪ್ಪುವೂ ನಯವಾಗಿಯೇ ಉತ್ತರಿಸಿದ: ಬೇಟೆಗೆ ಹೊರಟಿದ್ದೇನೆ, ಡವ್ಟನ್‌ನನ್ನು ಹೆಚ್ಚು ಪರಿವಾರವಿಲ್ಲದೆ ಕಳಿಸಿ. ಅದು ತಲುಪಿದ್ದು ಫೆಬ್ರವರಿ 13ಕ್ಕೆ. ಜನರಲ್ ಹ್ಯಾರಿಸ್‌ಗೆ ಹೊರಡುವ ಆಜ್ಞೆ ಹೋಗಿದ್ದು ಫೆಬ್ರವರಿ 3ಕ್ಕೆ! ಮಳೆ ಬಂದು ಕಾವೇರಿ ತುಂಬುವ ಮೊದಲೇ ಕೋಟೆ ಹಿಡಿಯಬೇಕಿತ್ತು, ಗಡುವಿನ ಹಿಂದಿದ್ದ ಲೆಕ್ಕ ಅದು.

ನೇರ ಮಾತು ಬಂದಿದ್ದು ಏಪ್ರಿಲ್ 22ಕ್ಕೆ, ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಬಿದ್ದ ಮೇಲೆ. ಅರ್ಧ ರಾಜ್ಯ, ಎರಡು ಕೋಟಿ ರೂಪಾಯಿ, ಒತ್ತೆಗೆ ನಾಲ್ವರು ಮಕ್ಕಳು, ನಾಲ್ವರು ಸರದಾರರು, 24 ಗಂಟೆಯಲ್ಲಿ ಉತ್ತರ. ಟಿಪ್ಪು ಒಪ್ಪಲಿಲ್ಲ. ಮೇ 4ರಂದು ಕೋಟೆ ಬಿತ್ತು, ಅವನೂ ಅಲ್ಲೇ ಮಡಿದ.

ನನಗನ್ನಿಸೋದು, ಒರಟು ಬೇಡಿಕೆಯಲ್ಲಿ ಒಂದು ಅನುಕೂಲವಾದರೂ ಇದೆ: ಎದುರಿಗಿರುವವನಿಗೆ ತಾನು ಎಲ್ಲಿ ನಿಂತಿದ್ದೇನೆಂದು ಗೊತ್ತಾಗುತ್ತೆ. ಆದರೆ ಇಲ್ಲಿ ಅದು ಬಂದಾಗ ಆಯ್ಕೆಗಳೇ ಮುಗಿದಿದ್ದವು. ಆಯ್ಕೆಗೆ ಇನ್ನೂ ಜಾಗವಿದ್ದಾಗ ಬಂದಿದ್ದು ಬರೀ ವಿನಯ. ವಿನಂತಿಗೆ 'ಇಲ್ಲ' ಅನ್ನುವ ಹಕ್ಕಿಲ್ಲದಿದ್ದರೆ ಅದು ಆಜ್ಞೆಯೇ ಅಲ್ವಾ? ನೀವೇನಂತೀರಿ?