ಅತ್ತೆಯನ್ನೂ ಕರೆಯಬೇಕೆ?: ಕೌಟುಂಬಿಕ ಹಿಂಸೆ ತಡೆಯುವ ಕಾರ್ಯಕ್ರಮಗಳ ಕುರಿತು ಒಂದು ಟಿಪ್ಪಣಿ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ (2019–21) ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 44.4ರಷ್ಟು ಮಂದಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾಗಿದ್ದಾಗಿ ಹೇಳಿದ್ದಾರೆ. ಹಿಂದಿನ ಸುತ್ತಿನಲ್ಲಿ ಅದು ಶೇ. 20.6 ಇತ್ತು. ಹಿಂಸೆಯೇ ಇಮ್ಮಡಿಸಿತೋ, ಹೇಳಿಕೊಳ್ಳುವ ಧೈರ್ಯ ಬಂತೋ, ಈ ಅಂಕಿಗಳಷ್ಟರಿಂದಲೇ ತೀರ್ಮಾನಿಸಲಾಗದು. ಅದಕ್ಕಿಂತ ಮುಖ್ಯವಾದುದು, ಈ ಲೆಕ್ಕದಲ್ಲಿರುವುದು ಗಂಡನೊಬ್ಬನೇ. ಅತ್ತೆ, ಮಾವ, ನಾದಿನಿಯರಿಲ್ಲ.

2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ನೋಟ ಇದಕ್ಕಿಂತ ವಿಶಾಲ. ಹೆಂಗಸರ ಮೇಲೂ ದೂರು ಕೊಡಬಹುದೆಂಬುದನ್ನು ಸುಪ್ರೀಂ ಕೋರ್ಟ್ 2016ರಲ್ಲಿ ಖಚಿತಪಡಿಸಿತು. ಆದರೆ 19ನೇ ಕಲಮಿನಡಿ ಗಂಡನನ್ನು ಮನೆಯಿಂದ ಹೊರಹಾಕಿಸಬಹುದೇ ಹೊರತು ಅತ್ತೆಯನ್ನಲ್ಲ. ಆದೇಶ ಬಂದ ಮೇಲೂ ಅತ್ತೆ–ಸೊಸೆ ಇಬ್ಬರೂ ಒಂದೇ ಒಲೆಯ ಮುಂದೆ ನಿಲ್ಲಬೇಕಾಗಬಹುದು. ಕುಟುಂಬವನ್ನೇ ಒಳಗೊಳ್ಳುವ ಕಾರ್ಯಕ್ರಮ ಬೇಕಾಗುವುದು ಇಲ್ಲಿ.

ಬೆಂಗಳೂರಿನ 'ದಿಲ್ ಮಿಲ್' ಪ್ರಯೋಗ ಈ ದಾರಿ ಹಿಡಿಯಿತು. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಗರ್ಭಿಣಿ ಸೊಸೆಯರನ್ನೂ ಅವರ ಅತ್ತೆಯರನ್ನೂ ಸೇರಿಸಿಕೊಂಡ ಅದರ ವರದಿಗಳು 2012ರಲ್ಲಿ ಪ್ರಕಟವಾದವು. ಬಸುರಿನ ಕಾಲವನ್ನು ಆರಿಸಿಕೊಂಡದ್ದು ಜಾಣತನ: ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೊರಟವಳನ್ನು ಯಾರೂ 'ಎಲ್ಲಿಗೆ?' ಎಂದು ತಡೆಯುವುದಿಲ್ಲ. ಮಗನ ಕೈ ಹಿಡಿದು ನಿಲ್ಲಿಸುವ ಶಕ್ತಿ ಅತ್ತೆಗಿದ್ದರೆ ಅದನ್ನು ಬಳಸಿಕೊಳ್ಳದಿರುವುದು ದಡ್ಡತನವೇ ಸರಿ.

ತೊಡಕೂ ಇದೆ. ಚೊಚ್ಚಲ ಬಸುರಿ ಸೀಮಂತ ಮುಗಿಸಿ ತವರಿಗೆ ಹೋಗುತ್ತಾಳೆ; ಬಾಣಂತನ ಮುಗಿಯುವವರೆಗೆ ಅತ್ತೆ–ಸೊಸೆಯರ ಜೋಡಿಯೇ ಇರುವುದಿಲ್ಲ. ಆ ತಿಂಗಳುಗಳಲ್ಲಿ ಅವಳೊಡನೆ ಇರುವುದು ಹೆತ್ತ ತಾಯಿ. 'ಹೊಂದಿಕೊಂಡು ಹೋಗು ಮಗಳೇ' ಎಂದು ಕಳಿಸುವವಳೂ ಬಹುಮಟ್ಟಿಗೆ ಅವಳೇ. ಕುಟುಂಬವೆಂದರೆ ಗಂಡನ ಮನೆ ಎಂದಷ್ಟೇ ಹಿಡಿದ ಯೋಜನೆ ಈ ಮಾತನ್ನು ಮುಟ್ಟಲಾರದು. ತವರಿನ ತಾಯಿಗೂ ಒಂದೆರಡು ಸಭೆ ಮೀಸಲಿಡಬೇಕೆಂಬುದು ನನ್ನ ಸಲಹೆ.

ಇನ್ನು ರಾಜಿಯ ಭಯ. ಎಲ್ಲರೆದುರು ಸೊಸೆ ಆಡಿದ ಮಾತಿಗೆ ರಾತ್ರಿ ಏಟು ಬೀಳಬಹುದು. ಆದ್ದರಿಂದ ಮೊದಲು ಅವಳೊಬ್ಬಳೊಡನೆಯೇ ಮಾತು. ಜಂಟಿ ಸಭೆ ಅವಳು ಒಪ್ಪಿದರಷ್ಟೇ. ಮುಚ್ಚಳಿಕೆ ಬರೆಸಿ ಮನೆಗೆ ಕಳಿಸಿದ್ದನ್ನು ಯಶಸ್ಸೆಂದು ಎಣಿಸಕೂಡದು. ಹೊಡೆತ ನಿಂತಿತೇ ಎಂದು ತಿಂಗಳುಗಳ ನಂತರ ಅವಳನ್ನು ಏಕಾಂತದಲ್ಲಿ ಕೇಳಬೇಕು. ಈ ಕಾಯ್ದೆಯಡಿಯ 2006ರ ನಿಯಮಗಳೂ, ಆಪ್ತಸಮಾಲೋಚನೆಯಲ್ಲಿ ಹಿಂಸೆಗೆ ಸಮರ್ಥನೆ ಕೊಡಲು ಆರೋಪಿತರಿಗೆ ಅವಕಾಶವಿಲ್ಲ ಎನ್ನುತ್ತವೆ. 'ಅವಳು ಎದುರುತ್ತರ ಕೊಟ್ಟಳು, ಅದಕ್ಕೆ' ಎಂಬ ಮಾತು ಹೊರಟಲ್ಲಿಯೇ ಸಮಾಲೋಚಕರು ತಡೆಯಬೇಕು. ತರಬೇತಿಯ ಬಹುಪಾಲು ಇದಕ್ಕೇ ಸಲ್ಲಬೇಕು.