ಹವ್ಯಾಸಿ ಖಗೋಳ ಛಾಯಾಗ್ರಹಣ

ಹವ್ಯಾಸಿ ಖಗೋಳ ಛಾಯಾಗ್ರಹಣವು ವೃತ್ತಿಪರ ವೀಕ್ಷಣಾಲಯಗಳ ಹೊರಗೆ, ಮನೆಯ ಮಹಡಿ, ಅಂಗಳ ಅಥವಾ ಹಿತ್ತಿಲಿನಿಂದ ಆಕಾಶಕಾಯಗಳ ಚಿತ್ರಗಳನ್ನು ತೆಗೆಯುವ ಹವ್ಯಾಸವಾಗಿದೆ. ಚಂದ್ರ ಮತ್ತು ಗೆಲಾಕ್ಸಿಗಳು ಇದರ ಎರಡು ಪ್ರಮುಖ ವಿಷಯಗಳು. ಚಂದ್ರನು ಪ್ರಕಾಶಮಾನನಾದ್ದರಿಂದ ಸೆಕೆಂಡಿನ ಒಂದು ಸಣ್ಣ ಅಂಶದಲ್ಲಿ ಚಿತ್ರ ಮೂಡುತ್ತದೆ. ಗೆಲಾಕ್ಸಿಗಳ ಕ್ಷೀಣ ಬೆಳಕನ್ನು ಸಂಗ್ರಹಿಸಲು ಗಂಟೆಗಳೇ ಬೇಕು. ಎರಡರಲ್ಲಿಯೂ ಅನೇಕ ಚಿತ್ರಗಳನ್ನು ತೆಗೆದು ಒಂದುಗೂಡಿಸುವುದು ಇಂದಿನ ಸಾಮಾನ್ಯ ಕ್ರಮ.

ಇತಿಹಾಸ

1840ರಲ್ಲಿ ಜಾನ್ ವಿಲಿಯಂ ಡ್ರೇಪರ್ ಅವರು ನ್ಯೂಯಾರ್ಕ್‌ನಲ್ಲಿ ಡಾಗೆರೊಟೈಪ್ ವಿಧಾನದಿಂದ ಚಂದ್ರನ ಚಿತ್ರವನ್ನು ತೆಗೆದರು. 1883ರಲ್ಲಿ ಇಂಗ್ಲೆಂಡಿನ ಹವ್ಯಾಸಿ ಆಂಡ್ರೂ ಐನ್ಸ್ಲಿ ಕಾಮನ್ ಅವರು ತಮ್ಮ ಮನೆಯ ತೋಟದ ದೂರದರ್ಶಕದಿಂದ ತೆಗೆದ ಒರೈಯನ್ ನೀಹಾರಿಕೆಯ ಚಿತ್ರದಲ್ಲಿ, ಅದೇ ದೂರದರ್ಶಕದ ಮೂಲಕ ಕಣ್ಣಿಗೆ ಕಾಣದಿದ್ದ ನಕ್ಷತ್ರಗಳೂ ಮೂಡಿದವು. 1888ರಲ್ಲಿ ಐಸಾಕ್ ರಾಬರ್ಟ್ಸ್ ಎಂಬ ವೇಲ್ಸ್ ಮೂಲದ ಹವ್ಯಾಸಿ ತೆಗೆದ ಚಿತ್ರವು ಆಂಡ್ರೊಮೆಡಾದ ಸುರುಳಿ ರಚನೆಯನ್ನು ತೋರಿಸಿತು. ಅದು ಕ್ಷೀರಪಥದ ಹೊರಗಿರುವ ಪ್ರತ್ಯೇಕ ಗೆಲಾಕ್ಸಿ ಎಂಬುದು 1920ರ ದಶಕದಲ್ಲಿ ಎಡ್ವಿನ್ ಹಬಲ್ ಅವರ ಅಧ್ಯಯನದಿಂದ ಖಚಿತವಾಯಿತು.

ಚಂದ್ರನ ಛಾಯಾಗ್ರಹಣ

ಹುಣ್ಣಿಮೆಯ ಚಂದ್ರನಿಗೆ ಅಪರ್ಚರನ್ನು ಎಫ್/11ರಲ್ಲಿಟ್ಟು, ಐಎಸ್‌ಒ 100 ಇದ್ದರೆ ಶಟರ್ ಅವಧಿಯನ್ನು 1/100 ಸೆಕೆಂಡ್ ಇಡುವುದು ರೂಢಿಯ ನಿಯಮ. ಹುಣ್ಣಿಮೆಯಂದು ಬೆಳಕು ನೇರವಾಗಿ ಬೀಳುವುದರಿಂದ ನೆರಳುಗಳಿಲ್ಲದೆ ಕುಳಿಗಳು ಮಂಕಾಗಿ ಕಾಣುತ್ತವೆ. ಅಷ್ಟಮಿಯ ಆಸುಪಾಸಿನಲ್ಲಿ ಹಗಲು-ಇರುಳಿನ ಗಡಿಯ ಬಳಿ ನೆರಳುಗಳು ಉದ್ದವಾಗಿ ಬಿದ್ದು ಕುಳಿ ಹಾಗೂ ಪರ್ವತಗಳ ಉಬ್ಬುತಗ್ಗು ಸ್ಪಷ್ಟವಾಗುತ್ತದೆ.

ಇಲ್ಲಿ ಮುಖ್ಯ ಅಡ್ಡಿ ಭೂಮಿಯ ವಾಯುಮಂಡಲದ ಅಲುಗಾಟ. ಇದನ್ನು ನಿವಾರಿಸಲು ಚಂದ್ರನ ವಿಡಿಯೊ ಸೆರೆಹಿಡಿದು, ಅದರ ಸಾವಿರಾರು ಚೌಕಟ್ಟುಗಳಲ್ಲಿ ಗಾಳಿ ಕ್ಷಣಕಾಲ ಸ್ಥಿರವಾಗಿದ್ದಾಗ ದೊರೆತವುಗಳನ್ನು ಮಾತ್ರ ಆಯ್ದು ಜೋಡಿಸಲಾಗುತ್ತದೆ. ಆಟೊಸ್ಟ್ಯಾಕರ್ಟ್ ಮತ್ತು ರೆಜಿಸ್ಟ್ಯಾಕ್ಸ್ ಇದಕ್ಕೆ ಬಳಕೆಯಲ್ಲಿರುವ ತಂತ್ರಾಂಶಗಳು.

ಗೆಲಾಕ್ಸಿಗಳ ಛಾಯಾಗ್ರಹಣ

ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮೆಡಾ (ಎಂ31) ಆಕಾಶದಲ್ಲಿ ಸುಮಾರು 3 ಡಿಗ್ರಿ, ಅಂದರೆ ಹುಣ್ಣಿಮೆಯ ಚಂದ್ರನ ಆರು ಪಟ್ಟು ಅಗಲ ವ್ಯಾಪಿಸಿದೆ. ಬರಿಗಣ್ಣಿಗೆ ಅದರ ನಡುಭಾಗ ಮಾತ್ರ ಮಸುಕಾಗಿ ಕಾಣುತ್ತದೆ. ಆದ್ದರಿಂದ ಇಂತಹ ಗೆಲಾಕ್ಸಿಗಳ ಚಿತ್ರಣಕ್ಕೆ ಹೆಚ್ಚಿನ ವರ್ಧನೆಗಿಂತ ಹೆಚ್ಚಿನ ಬೆಳಕು ಅಗತ್ಯ.

ಭೂಮಿಯ ಭ್ರಮಣದಿಂದ ನಕ್ಷತ್ರಗಳು ಗಂಟೆಗೆ ಸುಮಾರು 15 ಡಿಗ್ರಿ ಸರಿದಂತೆ ಕಾಣುತ್ತವೆ. ಕ್ಯಾಮೆರಾ ಸ್ಥಿರವಾಗಿದ್ದರೆ ಅವು ಗೆರೆಗಳಾಗಿ ಮೂಡುತ್ತವೆ. ಒಂದು ಸ್ಥೂಲ ನಿಯಮದಂತೆ 500ನ್ನು ಮಸೂರದ ನಾಭಿದೂರದಿಂದ ಭಾಗಿಸಿದರೆ ಗೆರೆ ಮೂಡದ ಗರಿಷ್ಠ ಅವಧಿ ಸೆಕೆಂಡುಗಳಲ್ಲಿ ದೊರೆಯುತ್ತದೆ, 200 ಮಿ.ಮೀ. ಮಸೂರಕ್ಕೆ ಇದು ಎರಡೂವರೆ ಸೆಕೆಂಡ್ ಮಾತ್ರ. ದೀರ್ಘ ಅವಧಿಯ ಚಿತ್ರಗಳಿಗೆ ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ತಿರುಗುವ ಈಕ್ವಟೋರಿಯಲ್ ಮೌಂಟ್ ಬೇಕು. ಉತ್ತರಾರ್ಧಗೋಳದಲ್ಲಿ ಇದನ್ನು ಧ್ರುವ ನಕ್ಷತ್ರದ ನೆರವಿನಿಂದ ಹೊಂದಿಸಲಾಗುತ್ತದೆ. ಆ ನಕ್ಷತ್ರದ ಎತ್ತರ ಸ್ಥಳದ ಅಕ್ಷಾಂಶಕ್ಕೆ ಸರಿಸುಮಾರು ಸಮ. ಬೆಂಗಳೂರಿನಲ್ಲಿ ಅದು ದಿಗಂತದಿಂದ ಸುಮಾರು 13 ಡಿಗ್ರಿ ಎತ್ತರದಲ್ಲಿರುವುದರಿಂದ ಕಟ್ಟಡ ಹಾಗೂ ಮರಗಳು ಅದನ್ನು ಸುಲಭವಾಗಿ ಮರೆಮಾಡುತ್ತವೆ.

ಸಂಸ್ಕರಣೆ

ಒಂದೇ ಕಾಯದ ಅನೇಕ ಚಿತ್ರಗಳನ್ನು ಸರಾಸರಿ ಮಾಡಿದಾಗ ಕಾಯದ ಬೆಳಕು ಹಾಗೆಯೇ ಉಳಿದು, ಯಾದೃಚ್ಛಿಕ ಗದ್ದಲ ತಗ್ಗುತ್ತದೆ. ಈ ಸುಧಾರಣೆ ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು: 100 ಚಿತ್ರಗಳಿಂದ ಹತ್ತು ಪಟ್ಟು. ಇವುಗಳ ಜೊತೆಗೆ ಮಸೂರವನ್ನು ಮುಚ್ಚಿ ತೆಗೆದ 'ಡಾರ್ಕ್' ಚಿತ್ರಗಳು ಸಂವೇದಕದ ದೋಷಗಳನ್ನೂ, ಸಮಪ್ರಕಾಶದ ಮೇಲ್ಮೈಯಿಂದ ತೆಗೆದ 'ಫ್ಲಾಟ್' ಚಿತ್ರಗಳು ಧೂಳಿನ ಕಲೆ ಹಾಗೂ ಅಂಚಿನ ಮಬ್ಬನ್ನೂ ಸರಿಪಡಿಸಲು ನೆರವಾಗುತ್ತವೆ. ಡೀಪ್‌ಸ್ಕೈಸ್ಟ್ಯಾಕರ್ ಮತ್ತು ಸಿರಿಲ್ ಉಚಿತವಾಗಿ ದೊರೆಯುವ ತಂತ್ರಾಂಶಗಳು.

ಬೆಳಕಿನ ಮಾಲಿನ್ಯ

ನಗರದ ದೀಪಗಳಿಂದ ಬೆಳಗಿದ ಆಕಾಶದಲ್ಲಿ ಗೆಲಾಕ್ಸಿಗಳ ಮಸುಕಾದ ಹೊರಭಾಗ ಅಳಿಸಿಹೋಗುತ್ತದೆ. ಬೆಳದಿಂಗಳ ಪರಿಣಾಮವೂ ಇದೇ ಆದ್ದರಿಂದ ಅಮಾವಾಸ್ಯೆಯ ಸಮೀಪದ ರಾತ್ರಿಗಳನ್ನು ಆಯ್ದುಕೊಳ್ಳಲಾಗುತ್ತದೆ. ನೀಹಾರಿಕೆಗಳಿಗೆ ಉಪಯುಕ್ತವಾದ ಕಿರುಪಟ್ಟಿಯ ಶೋಧಕಗಳು ಗೆಲಾಕ್ಸಿಗಳಿಗೆ ಅಷ್ಟಾಗಿ ನೆರವಾಗುವುದಿಲ್ಲ. ಏಕೆಂದರೆ ನಕ್ಷತ್ರಗಳ ಬೆಳಕು ಎಲ್ಲ ಬಣ್ಣಗಳಲ್ಲೂ ಹರಡಿರುತ್ತದೆ. ಬಿಳಿ ಎಲ್‌ಇಡಿ ಬೀದಿದೀಪಗಳ ಬೆಳಕೂ ಹಾಗೆಯೇ ಹರಡಿರುವುದರಿಂದ, ಹಳೆಯ ಸೋಡಿಯಂ ದೀಪಗಳ ಬೆಳಕಿನಂತೆ ಅದನ್ನು ಸುಲಭವಾಗಿ ಸೋಸಲಾಗದು. ಆಕಾಶದ ಕತ್ತಲೆಯನ್ನು 2001ರಲ್ಲಿ ಜಾನ್ ಬಾರ್ಟಲ್ ರೂಪಿಸಿದ ಒಂಬತ್ತು ದರ್ಜೆಗಳ ಮಾಪಕದಿಂದ ಸೂಚಿಸಲಾಗುತ್ತದೆ. ಭಾರತದಲ್ಲಿ ಲಡಾಖ್‌ನ ಹಾನ್ಲೆ ಪ್ರದೇಶವನ್ನು 2022ರಲ್ಲಿ ಕತ್ತಲ ಆಕಾಶದ ಮೀಸಲು ಪ್ರದೇಶವೆಂದು ಅಧಿಸೂಚಿಸಲಾಯಿತು. ಅಲ್ಲಿನ ವೀಕ್ಷಣಾಲಯವನ್ನು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುತ್ತದೆ.

ವೈಜ್ಞಾನಿಕ ಕೊಡುಗೆ

2016ರ ಸೆಪ್ಟೆಂಬರ್ 20ರಂದು ಅರ್ಜೆಂಟೀನಾದ ರೊಸಾರಿಯೊ ನಗರದ ಹವ್ಯಾಸಿ ವಿಕ್ಟರ್ ಬೂಸೊ ಅವರು ತಮ್ಮ ಮನೆಯ ಮಾಳಿಗೆಯಿಂದ ಹೊಸ ಕ್ಯಾಮೆರಾವನ್ನು ಪರೀಕ್ಷಿಸುತ್ತಿದ್ದರು. ಆಗ ಎನ್‌ಜಿಸಿ 613 ಗೆಲಾಕ್ಸಿಯಲ್ಲಿ ಸೂಪರ್ನೋವಾವೊಂದು ಬೆಳಗತೊಡಗಿದ ಮೊದಲ ಕ್ಷಣಗಳು ಅವರ ಚಿತ್ರಗಳಲ್ಲಿ ದಾಖಲಾದವು. ಇದರ ಅಧ್ಯಯನ 2018ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟವಾಯಿತು. 2019ರ ಜನವರಿ 21ರ ಪೂರ್ಣ ಚಂದ್ರಗ್ರಹಣದ ವೇಳೆ ಉಲ್ಕೆಯೊಂದು ಚಂದ್ರನಿಗೆ ಅಪ್ಪಳಿಸಿದಾಗ ಉಂಟಾದ ಮಿಂಚನ್ನು ಹಲವು ಹವ್ಯಾಸಿಗಳು ಸೆರೆಹಿಡಿದರು.

2022ರಲ್ಲಿ ಯಾನ್ ಸೆಂಟಿ, ಮಾರ್ಸೆಲ್ ಡ್ರೆಕ್ಸ್ಲರ್ ಮತ್ತು ಕ್ಸೇವಿಯರ್ ಸ್ಟ್ರಾಟ್ನರ್ ಎಂಬ ಹವ್ಯಾಸಿಗಳು ಆಂಡ್ರೊಮೆಡಾದ ಪಕ್ಕದಲ್ಲಿ ಆಕ್ಸಿಜನ್ ಅನಿಲದ ದೊಡ್ಡ ಕಮಾನೊಂದನ್ನು ಪತ್ತೆಹಚ್ಚಿದರು. 2023ರ ಜನವರಿಯಲ್ಲಿ ಇದನ್ನು ಪ್ರಕಟಿಸಲಾಯಿತು. ಅವರ ಚಿತ್ರಕ್ಕೆ 106 ಮಿ.ಮೀ. ವ್ಯಾಸದ ದೂರದರ್ಶಕದಿಂದ ನೂರಕ್ಕೂ ಹೆಚ್ಚು ಗಂಟೆಗಳ ಬೆಳಕನ್ನು ಸಂಗ್ರಹಿಸಲಾಗಿತ್ತು. ರಾಬರ್ಟ್ಸ್ ಅವರ ಕಾಲದಿಂದ ಅಸಂಖ್ಯ ಬಾರಿ ಚಿತ್ರಿತವಾಗಿದ್ದ ಗೆಲಾಕ್ಸಿಯ ಬದಿಯಲ್ಲಿಯೇ ಇದ್ದರೂ ಈ ಕಮಾನು ಅದುವರೆಗೆ ಯಾರ ಗಮನಕ್ಕೂ ಬಂದಿರಲಿಲ್ಲ.